ತಾಂತ್ರಿಕ ಹಾಗೂ ಸೂಚನಾ ಗದ್ಯದ ಲಕ್ಷಣಗಳು: ಒಂದು ಪೊಟ್ಟಣದ ನಿದರ್ಶನ

1

ಕನ್ನಡ ಗದ್ಯವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಯ ಮನಸ್ಸಿಗೆ ಬರುವುದು ವಡ್ಡಾರಾಧನೆ, ವಚನಗಳು, ಮುದ್ದಣನ ರಾಮಾಶ್ವಮೇಧ, ಅನಂತರ ಕಾದಂಬರಿ, ಪ್ರಬಂಧ, ವಿಮರ್ಶೆಗಳ ಸಾಲು. ಈ ಸಾಲಿನಲ್ಲಿ ಸೇರದ, ಆದರೆ ಸಾಮಾನ್ಯ ಓದುಗನು ದಿನನಿತ್ಯ ಎದುರಿಸುವ ಇನ್ನೊಂದು ಗದ್ಯವಿದೆ. ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ, ಪಂಪ್‌ಸೆಟ್ಟಿನ ಕೈಪಿಡಿ, ಅಡುಗೆ ಅನಿಲದ ಸುರಕ್ಷತೆಯ ಕರಪತ್ರ, ಬ್ಯಾಂಕಿನ ಅರ್ಜಿಯ ಹಿಂಬದಿಯ ನಿಯಮಗಳು, ಔಷಧಿಯ ಪೊಟ್ಟಣದ ಮೇಲಿನ ನಾಲ್ಕು ಸಾಲು ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಕರ್ತೃವಿನ ಹೆಸರಿಲ್ಲ, ವಿಮರ್ಶಕರೂ ಇಲ್ಲ. ಕಾವ್ಯದ ಒಂದು ಪದ ಅರ್ಥವಾಗದಿದ್ದರೆ ಓದುಗನ ರಸಾಸ್ವಾದಕ್ಕೆ ಕೊರತೆಯಾದೀತು. ಇಲ್ಲಿ ಒಂದು ಪದ ತಪ್ಪಾಗಿ ಅರ್ಥವಾದರೆ ಬೆಳೆ ಸುಟ್ಟುಹೋಗಬಹುದು, ಮಗುವಿನ ಪ್ರಾಣಕ್ಕೆ ಸಂಚಕಾರ ಬರಬಹುದು. ಆದ್ದರಿಂದ ಈ ಗದ್ಯದ ಲಕ್ಷಣಗಳನ್ನು ಅರಿಯುವುದು ಭಾಷಾ ವಿದ್ಯಾರ್ಥಿಗೆ ಬಿಡುವಿನ ಕೆಲಸವಾಗಲಾರದು.

ವಿಷಯವನ್ನು ಕೇವಲ ತಾತ್ತ್ವಿಕವಾಗಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಹೆಚ್ಚು ಉಪಯುಕ್ತ. ಅದಕ್ಕಾಗಿ ಇಲ್ಲಿ ಆರಿಸಿಕೊಂಡಿರುವುದು ಭೇದಿಯಾದಾಗ ನೀರಿನಲ್ಲಿ ಕರಗಿಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಅಂದರೆ ಓ.ಆರ್.ಎಸ್. ಪೊಟ್ಟಣ. ಇದು ಔಷಧಾಲಯದಲ್ಲಿಯೂ ಆರೋಗ್ಯ ಕೇಂದ್ರದಲ್ಲಿಯೂ ದೊರೆಯುವ ವಸ್ತು. ಇದನ್ನು ಸಿದ್ಧಪಡಿಸುವವರು ವೈದ್ಯರಲ್ಲ. ಮನೆಯಲ್ಲಿರುವ ತಾಯಿ, ಅಜ್ಜಿ, ಅಕ್ಕ. ಅವರಿಗೆ ದಾರಿ ತೋರಿಸುವುದು ಪೊಟ್ಟಣದ ಮೇಲಿನ ಬರವಣಿಗೆಯೊಂದೇ.

2

ಮೊದಲಿಗೆ ಎರಡು ಪ್ರಭೇದಗಳನ್ನು ಬೇರ್ಪಡಿಸಿಕೊಳ್ಳಬೇಕು. ವಸ್ತುವಿನ ಸ್ವರೂಪವನ್ನೂ ಅದರ ಕಾರ್ಯಕಾರಣವನ್ನೂ ತಿಳಿಸುವ ಬರವಣಿಗೆಯನ್ನು ವಿವರಣಾ ಗದ್ಯವೆನ್ನಬಹುದು. ಆ ವಸ್ತುವಿನಿಂದ ಒಂದು ಕೆಲಸವನ್ನು ಮಾಡಿಸುವ ಬರವಣಿಗೆಯನ್ನು ಸೂಚನಾ ಗದ್ಯವೆನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ 1 ಲೀಟರ್ ನೀರಿಗೆ ಬೇಕಾದ ಪುಡಿಯಲ್ಲಿ 2.6 ಗ್ರಾಂ ಸೋಡಿಯಂ ಕ್ಲೋರೈಡ್, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ, ಒಟ್ಟು 20.5 ಗ್ರಾಂ. ಕರುಳಿನ ಒಳಪದರದಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಗೂಡಿ ಒಳಸೇರುತ್ತವೆ. ಅವನ್ನು ಹಿಂಬಾಲಿಸಿ ನೀರೂ ಒಳಸೇರುತ್ತದೆ. ಭೇದಿಯ ಸಮಯದಲ್ಲಿಯೂ ಈ ಕ್ರಿಯೆ ಬಹುಮಟ್ಟಿಗೆ ಉಳಿದಿರುವುದರಿಂದಲೇ ಈ ಚಿಕಿತ್ಸೆ ಸಾಧ್ಯವಾಗಿದೆ. ಇಷ್ಟು ವಿವರಣಾ ಗದ್ಯ. ಇದನ್ನು ಓದಿದವನಿಗೆ ತಿಳಿವಳಿಕೆ ಹೆಚ್ಚುತ್ತದೆ. ಆದರೆ ಅವನು ಇನ್ನೂ ಲೋಟವನ್ನು ಕೈಗೆತ್ತಿಕೊಂಡಿಲ್ಲ. ‘ಪೊಟ್ಟಣದ ಪುಡಿಯನ್ನೆಲ್ಲ 1 ಲೀಟರ್ ನೀರಿಗೆ ಹಾಕಿರಿ’ ಎಂದಾಗ ಸೂಚನಾ ಗದ್ಯ ಆರಂಭವಾಗುತ್ತದೆ.

ವಿವರಣಾ ಗದ್ಯದ ಪರೀಕ್ಷೆ ಓದುಗನ ಬುದ್ಧಿಯಲ್ಲಿ ನಡೆಯುತ್ತದೆ. ಸೂಚನಾ ಗದ್ಯದ ಪರೀಕ್ಷೆ ಅವನ ಕೈಯಲ್ಲಿ ನಡೆಯುತ್ತದೆ. ಓದಿದವನು ಮಾಡಬೇಕಾದುದನ್ನು ಸರಿಯಾಗಿ ಮಾಡಿದನೇ ಎಂಬುದೊಂದೇ ಅದರ ಗುಣದೋಷದ ಅಳತೆಗೋಲು. ಈ ಲೇಖನದಲ್ಲಿ ಮುಂದೆ ಹೇಳುವ ಲಕ್ಷಣಗಳೆಲ್ಲ ಈ ಒಂದು ಮಾತಿನಿಂದ ಹೊರಡುತ್ತವೆ.

3

ಇಂಥ ಬರವಣಿಗೆ ಕನ್ನಡಕ್ಕೆ ಹೊಸದೆಂದು ಭಾವಿಸಬೇಕಾದುದಿಲ್ಲ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಅಂತರ್ಜಲದ ಶೋಧನೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ಸುಗಂಧದ್ರವ್ಯಗಳ ತಯಾರಿಕೆ, ವೈದ್ಯ ಮೊದಲಾದ ವಿಷಯಗಳಿವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು, ಕೀರ್ತಿವರ್ಮನು ಗೋವೈದ್ಯವನ್ನು, ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನು ಬರೆದರು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ವಿಷವೈದ್ಯಕ್ಕೆ ಸಂಬಂಧಿಸಿದ್ದು. ಹದಿನಾರನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ರಚಿಸಿದನು.

ಈ ಕೃತಿಗಳು ಬಹುಮಟ್ಟಿಗೆ ಪದ್ಯದಲ್ಲಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಓಲೆಗರಿಯ ಪ್ರತಿಗಳು ವಿರಳವಾಗಿದ್ದ ಕಾಲದಲ್ಲಿ ಶಾಸ್ತ್ರವು ನೆನಪಿನಲ್ಲಿ ಉಳಿಯಬೇಕಾಗಿತ್ತು. ಛಂದಸ್ಸು ಆ ನೆನಪಿಗೆ ಆಸರೆ. ಅಳತೆಯಲ್ಲಾಗಲೀ ಕ್ರಮದಲ್ಲಾಗಲೀ ಪದ್ಯವು ಬಿಟ್ಟುಹೋದುದನ್ನು ತುಂಬಿಕೊಡಲು ಪಕ್ಕದಲ್ಲಿ ಗುರುವಿದ್ದನು, ಅನುಭವಿಯಾದ ವೈದ್ಯನಿದ್ದನು, ಅಡುಗೆಮನೆಯ ಹಿರಿಯಳಿದ್ದಳು. ‘ಹದವರಿತು’ ಎಂಬಂಥ ಒಂದು ಮಾತು ಅಲ್ಲಿ ಸಾಕಾಗುತ್ತಿತ್ತು. ಹದ ಯಾವುದೆಂಬುದನ್ನು ಶಿಷ್ಯನು ನೋಡಿ ಕಲಿಯುತ್ತಿದ್ದನು. ಇಂದಿನ ಪೊಟ್ಟಣದ ಓದುಗಳಿಗೆ ಆ ಗುರುವಿಲ್ಲ. ರಾತ್ರಿಯ ಹೊತ್ತು, ಮಗುವಿಗೆ ಭೇದಿಯಾಗುತ್ತಿರುವಾಗ, ಮಂದ ಬೆಳಕಿನಲ್ಲಿ ಅವಳು ಆ ಸಾಲುಗಳನ್ನು ಓದಬೇಕಾಗುತ್ತದೆ. ಗುರು ಹೇಳಬೇಕಾಗಿದ್ದ ಮಾತುಗಳೆಲ್ಲ ಬರವಣಿಗೆಯೊಳಗೇ ಬರಬೇಕು. ಪ್ರಾಚೀನ ಶಾಸ್ತ್ರಗ್ರಂಥಕ್ಕೂ ಆಧುನಿಕ ಸೂಚನಾ ಗದ್ಯಕ್ಕೂ ಇರುವ ಮುಖ್ಯ ಅಂತರವಿದು.

ಆದರೂ ಪರಂಪರೆಯಿಂದ ಕಲಿಯಬೇಕಾದುದು ಇಲ್ಲದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಕಂದಪದ್ಯದ ಸೂತ್ರ, ಗದ್ಯದ ವೃತ್ತಿ, ಅನಂತರ ಪ್ರಯೋಗ ಎಂಬ ವ್ಯವಸ್ಥೆಯಿದೆ. ಮೊದಲು ನಿಯಮ, ಬಳಿಕ ಅದರ ಬಿಡಿಸಿದ ಅರ್ಥ, ಕೊನೆಗೆ ಉದಾಹರಣೆ. ಇವು ಒಂದರೊಡನೊಂದು ಬೆರೆಯದಂತೆ ಸ್ಥಾನ ಕಲ್ಪಿಸಿರುವುದು ಗಮನಾರ್ಹ. ಮಾಡಬೇಕಾದುದನ್ನೂ ಅದರ ಕಾರಣವನ್ನೂ ಒಂದೇ ವಾಕ್ಯದಲ್ಲಿ ತುರುಕುವ ಇಂದಿನ ಅನೇಕ ಕರಪತ್ರಗಳಿಗೆ ಈ ವ್ಯವಸ್ಥೆ ಮಾದರಿಯಾಗಬಲ್ಲದು.

ಆಧುನಿಕ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ‘ವಿಜ್ಞಾನ’ ಪತ್ರಿಕೆ, ಶಿವರಾಮ ಕಾರಂತರ ‘ಬಾಲಪ್ರಪಂಚ’ ಹಾಗೂ ‘ವಿಜ್ಞಾನ ಪ್ರಪಂಚ’ ಸಂಪುಟಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಇವು ಕನ್ನಡದ ವಿವರಣಾ ಗದ್ಯಕ್ಕೆ ಕಸುವು ತುಂಬಿದವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತುದು ಶಾಸ್ತ್ರವಿಷಯವೂ ಸಾಹಿತ್ಯದ ಮನ್ನಣೆ ಪಡೆಯಬಲ್ಲದೆಂಬುದಕ್ಕೆ ಸಾಕ್ಷಿ. ಅದು ಹೊರನಾಡಿನಲ್ಲಿ ಕುಳಿತು ಬರೆದ ಕನ್ನಡವೆಂಬುದೂ ಸ್ಮರಣೀಯ. 1961ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ಕಾರ್ಯದಿಂದ ಭಾರತೀಯ ಭಾಷೆಗಳಲ್ಲಿ ಪಾರಿಭಾಷಿಕ ಪದಗಳ ಚರ್ಚೆಯೂ ಬೆಳೆಯಿತು. ಇವೆಲ್ಲದರ ಫಲವಾಗಿ ವಿಷಯವನ್ನು ವಿವರಿಸುವ ಕನ್ನಡ ಹದಗೊಂಡಿದೆ. ಕೆಲಸವನ್ನು ಮಾಡಿಸುವ ಕನ್ನಡದ ಕಡೆಗೆ ಅಷ್ಟು ಗಮನ ಹರಿದಿಲ್ಲ.

4

ಸೂಚನಾ ಗದ್ಯದ ಪ್ರಮುಖ ಲಕ್ಷಣಗಳನ್ನು ಈಗ ಒಂದೊಂದಾಗಿ ಪರಿಶೀಲಿಸಬಹುದು. ಇಲ್ಲಿ ಕೊಟ್ಟಿರುವ ವಾಕ್ಯಗಳು ವಿವೇಚನೆಗಾಗಿಯೇ ರಚಿಸಿದವು.

(ಅ) ಅಳತೆಯ ನಿಖರತೆ: ಭಾರತದಲ್ಲಿ 1 ಲೀಟರ್ ನೀರಿಗೆಂದು ತಯಾರಾದ ದೊಡ್ಡ ಪೊಟ್ಟಣವೂ ಇದೆ, 200 ಮಿಲಿಲೀಟರ್ ನೀರಿಗೆಂದು ತಯಾರಾದ ಚಿಕ್ಕ ಪೊಟ್ಟಣವೂ ಇದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಕುಡಿಸಿದರೆ ಉಪ್ಪಿನಂಶ ಹಲವು ಪಟ್ಟು ಹೆಚ್ಚಾಗಿ, ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯಕಾರಿ ಮಟ್ಟಕ್ಕೆ ಏರಬಹುದು. ಚಿಕ್ಕ ಪೊಟ್ಟಣವನ್ನು ಒಂದು ಲೀಟರಿಗೆ ಹಾಕಿದರೆ ಮದ್ದಿನ ಸತ್ತ್ವವೇ ಉಳಿಯದು. ಆದಕಾರಣ ‘ಸಾಕಷ್ಟು ನೀರಿನಲ್ಲಿ ಬೆರೆಸಿ’ ಎಂಬ ಮಾತು ಸೂಚನೆಯೆನಿಸದು. ಸಾಕಷ್ಟು, ಸ್ವಲ್ಪ, ಆದಷ್ಟು, ಒಂದೆರಡು ಎಂಬ ಪದಗಳು ಸಂಭಾಷಣೆಯಲ್ಲಿ ಸೊಗಸು. ಸೂಚನೆಯಲ್ಲಿ ಅವು ಹೊಣೆಯನ್ನು ಓದುಗಳ ತಲೆಗೆ ಕಟ್ಟುತ್ತವೆ.

ಸಂಖ್ಯೆಯನ್ನು ಕೊಟ್ಟಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಅದನ್ನು ಅಳೆಯುವ ಸಾಧನ ಮನೆಯಲ್ಲಿರಬೇಕು. ಪೊಟ್ಟಣ ದೊರೆಯದಾಗ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಹಾ ಚಮಚ ಉಪ್ಪನ್ನೂ ಹಾಕಬೇಕೆಂಬುದು ಪ್ರಸಿದ್ಧವಾದ ಸೂಚನೆ. ಅಲ್ಲಿ ಚಮಚವೆಂದರೆ ತಲೆ ಸವರಿ ಮಟ್ಟಮಾಡಿದ ಚಮಚ. ಗೋಪುರದಂತೆ ತುಂಬಿದ ಚಮಚವಾದರೆ ಲೆಕ್ಕ ತಪ್ಪುತ್ತದೆ. ‘ಮಟ್ಟಸವಾಗಿ’ ಎಂಬ ಒಂದು ಪದವನ್ನು ಬಿಟ್ಟುಬಿಟ್ಟರೆ ಸಂಖ್ಯೆ ಸರಿಯಾಗಿದ್ದೂ ಸೂಚನೆ ತಪ್ಪಾಗುತ್ತದೆ.

(ಆ) ಸಂಖ್ಯೆ ಮತ್ತು ವಸ್ತುವಿನ ಸಾಮೀಪ್ಯ: ‘ಸಕ್ಕರೆ ಮತ್ತು ಉಪ್ಪನ್ನು ಕ್ರಮವಾಗಿ ಆರು ಹಾಗೂ ಅರ್ಧ ಚಮಚದಷ್ಟು ಸೇರಿಸಬೇಕು’ ಎಂಬ ವಾಕ್ಯವನ್ನು ನೋಡಬಹುದು. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ‘ಕ್ರಮವಾಗಿ’ ಎಂಬ ಪದದ ಈ ಬಳಕೆ ಇಂಗ್ಲಿಷಿನ ವಾಕ್ಯರಚನೆಯಿಂದ ಬಂದುದು. ಆಡುಮಾತಿನ ಕನ್ನಡದಲ್ಲಿ ಅದು ಇಲ್ಲ. ಓದುಗಳು ಎರಡು ವಸ್ತುಗಳನ್ನೂ ಎರಡು ಸಂಖ್ಯೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಜೋಡಿಸಬೇಕು. ಜೋಡಣೆ ಅದಲುಬದಲಾದರೆ ಆರು ಚಮಚ ಉಪ್ಪು ನೀರಿಗೆ ಬೀಳುತ್ತದೆ. ‘ಸಕ್ಕರೆ 6 ಚಮಚ, ಉಪ್ಪು ಅರ್ಧ ಚಮಚ’ ಎಂದು ಅಂಗಡಿಯ ಚೀಟಿಯಂತೆ ಬರೆದರೆ ಈ ಅಪಾಯವಿಲ್ಲ. ಮನೆಯ ಸಾಮಾನಿನ ಪಟ್ಟಿ ಬರೆಯುವ ಕ್ರಮ ಕನ್ನಡಿಗರಿಗೆಲ್ಲ ಪರಿಚಿತವಾದುದೇ.

(ಇ) ಕ್ರಿಯಾಪದದ ರೂಪ: ಈ ಅಂಶ ಕನ್ನಡದ ರಚನೆಗೇ ಸಂಬಂಧಿಸಿದ್ದು, ಬೇರೆ ಭಾಷೆಯ ಲಕ್ಷಣಗ್ರಂಥಗಳಿಂದ ದೊರೆಯತಕ್ಕದ್ದಲ್ಲ. ಒಂದರ ಹಿಂದೊಂದು ನಡೆಯುವ ಕ್ರಿಯೆಗಳನ್ನು ಹೇಳಲು ಕನ್ನಡದಲ್ಲಿ ಕೃದಂತಾವ್ಯಯಗಳ ಸಾಲು ಸಹಜ. ‘ಕೈ ತೊಳೆದು, ನೀರು ಅಳೆದು, ಪುಡಿ ಸುರಿದು, ಕಲಕಬೇಕು’ ಎಂದರೆ ಕಾಲಕ್ರಮವು ವ್ಯಾಕರಣದಲ್ಲಿಯೇ ಅಡಗಿದೆ. ‘ಮೊದಲು’, ‘ಅನಂತರ’ ಎಂಬ ಪದಗಳ ಹಂಗಿಲ್ಲ. ಸೂಚನಾ ಗದ್ಯಕ್ಕೆ ಇದೊಂದು ವರವೆನ್ನಬೇಕು.

ಆದರೆ ಇದೇ ಸ್ಥಳದಲ್ಲಿ ಒಂದು ತೊಡಕೂ ಇದೆ. ‘ಹಾಕು’, ‘ಕಲಕು’, ‘ಕುದಿಸು’, ‘ಕುಡಿಸು’ ಮುಂತಾದ ಉಕಾರಾಂತ ಧಾತುಗಳಲ್ಲಿ ಕೃದಂತಾವ್ಯಯವೂ ಬಳಕೆಯಲ್ಲಿರುವ ವಿಧ್ಯರ್ಥಕ ರೂಪವೂ ಒಂದೇ ಆಗಿಬಿಡುತ್ತವೆ. ‘ಹಾಕಿ’ ಎಂದರೆ ಹಾಕಿದ ಮೇಲೆ ಎಂದೂ ಆಗಬಹುದು, ತಾವು ಹಾಕಿರಿ ಎಂದೂ ಆಗಬಹುದು. ‘ತೊಳೆ’, ‘ಸುರಿ’ ಎಂಬಂಥ ಧಾತುಗಳಲ್ಲಿ ‘ತೊಳೆದು’ ಮತ್ತು ‘ತೊಳೆಯಿರಿ’, ‘ಸುರಿದು’ ಮತ್ತು ‘ಸುರಿಯಿರಿ’ ಎಂದು ರೂಪಭೇದವಿರುವುದರಿಂದ ಈ ಸಂದೇಹವಿಲ್ಲ. ‘ನೀರಿಗೆ ಪುಡಿ ಹಾಕಿ ಕುದಿಸಬಾರದು’ ಎಂಬ ವಾಕ್ಯವನ್ನು ತೆಗೆದುಕೊಂಡರೆ ಇದರ ಪರಿಣಾಮ ಕಾಣುತ್ತದೆ. ಪುಡಿ ಹಾಕಿರಿ, ಆದರೆ ಕುದಿಸಬೇಡಿರಿ ಎಂಬುದು ಒಂದು ಅರ್ಥ. ಪುಡಿ ಹಾಕುವುದು, ಕುದಿಸುವುದು ಎಂಬ ಎರಡು ಕ್ರಿಯೆಗಳನ್ನೂ ಒಟ್ಟಾಗಿ ನಿಷೇಧಿಸಿದೆ ಎಂಬುದು ಇನ್ನೊಂದು ಅರ್ಥ. ವಾಕ್ಯದ ಕೊನೆಯ ನಿಷೇಧ ಹಿಂದಿನ ಕ್ರಿಯೆಗಳಲ್ಲಿ ಯಾವುದರವರೆಗೆ ವ್ಯಾಪಿಸುತ್ತದೆ ಎಂಬುದು ಕನ್ನಡದಲ್ಲಿ ಸಂದರ್ಭದಿಂದ ನಿರ್ಧಾರವಾಗುತ್ತದೆ. ಮೊದಲ ಬಾರಿಗೆ ಓದುವವಳಿಗೆ ಆ ಸಂದರ್ಭವೇ ತಿಳಿಯದು.

ಇದರಿಂದ ಎರಡು ನಿಯಮಗಳನ್ನು ಪಡೆಯಬಹುದು. ಸೂಚನೆಯಲ್ಲಿ ‘ಹಾಕಿರಿ’, ‘ಕಲಕಿರಿ’, ‘ಕುಡಿಸಿರಿ’ ಎಂದು ಪೂರ್ಣ ವಿಧ್ಯರ್ಥಕ ರೂಪವನ್ನೇ ಬಳಸಬೇಕು. ಮಾಡಬೇಕಾದ ಕ್ರಿಯೆಯನ್ನೂ ಮಾಡಬಾರದ ಕ್ರಿಯೆಯನ್ನೂ ಒಂದೇ ವಾಕ್ಯದಲ್ಲಿ ಹೆಣೆಯಬಾರದು. ‘ಪುಡಿಯನ್ನು ನೀರಿಗೆ ಹಾಕಿರಿ. ಹಾಕಿದ ಮೇಲೆ ಆ ನೀರನ್ನು ಕುದಿಸಬೇಡಿರಿ’ ಎಂದರೆ ಎರಡು ವಾಕ್ಯಗಳಾಗುತ್ತವೆ, ಅರ್ಥ ಒಂದೇ ಆಗುತ್ತದೆ.

(ಈ) ಕರ್ತೃವಿನ ಸ್ಪಷ್ಟತೆ: ‘ದ್ರಾವಣವು ಶುದ್ಧವಾದ ಪಾತ್ರೆಯಲ್ಲಿ ತಯಾರಿಸಲ್ಪಡಬೇಕು’ ಎಂಬ ಕರ್ಮಣಿಪ್ರಯೋಗದಲ್ಲಿ ಕೆಲಸ ಮಾಡುವವರು ಯಾರೆಂಬುದು ಮರೆಯಾಗಿದೆ. ಪ್ರಯೋಗಶಾಲೆಯ ವರದಿಯಲ್ಲಿ ಕರ್ತೃ ಮುಖ್ಯವಲ್ಲ. ಅಲ್ಲಿ ‘ತೂಗಲಾಯಿತು’, ‘ಕಾಯಿಸಲಾಯಿತು’ ಎಂಬ ಪ್ರಯೋಗಗಳು ಒಪ್ಪುತ್ತವೆ. ಸೂಚನೆಯಲ್ಲಿ ಓದುಗಳೇ ಕರ್ತೃ. ಅವಳನ್ನು ನೇರವಾಗಿ ಸಂಬೋಧಿಸುವುದರಿಂದ ಹೊಣೆ ಯಾರದೆಂಬುದು ತಿಳಿಯುತ್ತದೆ. ‘ತಯಾರಿಸತಕ್ಕದ್ದು’ ಎಂಬ ಕಚೇರಿಯ ಭಾಷೆ ಆಜ್ಞೆಯಂತೆ ಕೇಳಿಸಿ ಓದುಗಳನ್ನು ದೂರ ನಿಲ್ಲಿಸುತ್ತದೆ. ‘ಬಹುದು’ ಎಂಬ ಪ್ರತ್ಯಯವನ್ನೂ ಎಚ್ಚರದಿಂದ ಬಳಸಬೇಕು. ‘24 ಗಂಟೆಗಳ ಅನಂತರ ಚೆಲ್ಲಬಹುದು’ ಎಂದರೆ ಅದು ಅನುಮತಿಯಾಗುತ್ತದೆ. ಉಳಿದುದನ್ನು ಇಟ್ಟುಕೊಂಡರೂ ಬಾಧಕವಿಲ್ಲವೆಂಬ ಭಾವನೆ ಬರುತ್ತದೆ. ಅಲ್ಲಿ ಬೇಕಾಗಿರುವುದು ‘ಚೆಲ್ಲಿರಿ’ ಎಂಬ ರೂಪ.

(ಉ) ಎಚ್ಚರಿಕೆಯ ಸ್ಥಾನ: ಎಚ್ಚರಿಕೆಯು ಕ್ರಿಯೆಗೆ ಮೊದಲು ಬರಬೇಕು. ‘ಪುಡಿಯನ್ನು ನೀರಿಗೆ ಹಾಕಿರಿ. ಹಾಕುವ ಮೊದಲು ಕುದಿಸಿದ ನೀರು ತಣ್ಣಗಾಗಿದೆಯೇ ನೋಡಿಕೊಳ್ಳಿರಿ’ ಎಂದು ಬರೆದರೆ, ಒಂದೊಂದು ಸಾಲನ್ನು ಓದುತ್ತಾ ಕೆಲಸ ಮಾಡುವವಳು ಎರಡನೆಯ ಸಾಲಿಗೆ ಬರುವ ವೇಳೆಗೆ ಪುಡಿಯನ್ನು ಹಾಕಿಬಿಟ್ಟಿರುತ್ತಾಳೆ. ಪಕ್ಷಾರ್ಥಕ ವಾಕ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ‘ಮಗು ವಾಂತಿ ಮಾಡಿದರೆ 10 ನಿಮಿಷ ಕಾಯಿರಿ’ ಎಂಬಲ್ಲಿ ಷರತ್ತು ಮೊದಲು, ಕ್ರಿಯೆ ಆಮೇಲೆ. ಇದು ಕನ್ನಡದ ಸಹಜವಾದ ಪದಕ್ರಮವೂ ಹೌದು. ಇಂಗ್ಲಿಷಿನಿಂದ ಪದಶಃ ಅನುವಾದಿಸುವವರು ಮಾತ್ರ ಷರತ್ತನ್ನು ವಾಕ್ಯದ ಬಾಲಕ್ಕೆ ಕಟ್ಟುತ್ತಾರೆ.

(ಊ) ಪಾರಿಭಾಷಿಕ ಪದ ಮತ್ತು ಬಳಕೆಯ ಪದ: ವಿವರಣಾ ಗದ್ಯದಲ್ಲಿ ‘ಅತಿಸಾರ’, ‘ನಿರ್ಜಲೀಕರಣ’, ‘ದ್ರಾವಣ’ ಎಂಬ ಪದಗಳಿಗೆ ಸ್ಥಾನವಿದೆ. ಒಂದು ಶಾಸ್ತ್ರದೊಳಗೆ ಪದಕ್ಕೊಂದೇ ಅರ್ಥ, ಅರ್ಥಕ್ಕೊಂದೇ ಪದ ಎಂಬ ಶಿಸ್ತು ಅದರಿಂದ ಸಾಧ್ಯವಾಗುತ್ತದೆ. ಸೂಚನೆಯ ಓದುಗಳಿಗೆ ‘ಭೇದಿ’ ಎಂದರೆ ತಿಳಿಯುತ್ತದೆ. ನಗರಗಳಲ್ಲಿ ‘ಲೂಸ್ ಮೋಷನ್’ ಎಂದರೆ ಇನ್ನೂ ಬೇಗ ತಿಳಿದೀತು. ‘ನಿರ್ಜಲೀಕರಣದ ಲಕ್ಷಣಗಳು ಕಂಡುಬಂದಲ್ಲಿ’ ಎಂಬುದಕ್ಕಿಂತ ‘ಕಣ್ಣು ಗುಳಿಬಿದ್ದಿದ್ದರೆ’ ಎಂಬುದು ಅವಳು ಸ್ವತಃ ನೋಡಿ ನಿರ್ಧರಿಸಬಲ್ಲ ಮಾತು. ಮೊದಲನೆಯದು ವೈದ್ಯನ ನಿರ್ಣಯ, ಎರಡನೆಯದು ತಾಯಿಯ ಕಣ್ಣಿಗೆ ಕಾಣುವ ಗುರುತು.

ಬಳಕೆಯ ಪದಗಳೂ ಎಲ್ಲ ಕಾಲಕ್ಕೂ ನಿರಪಾಯಕರವೆಂದು ತಿಳಿಯಬಾರದು. ‘ಆರಿಸು’ ಎಂಬ ಧಾತುವಿಗೆ ತಣ್ಣಗೆ ಮಾಡು, ನಂದಿಸು, ಆಯ್ದುಕೋ ಎಂಬ ಅರ್ಥಗಳಿವೆ. ‘ಕುದಿಸಿ ತಣ್ಣಗೆ ಮಾಡಿದ ನೀರು’ ಎಂದರೆ ಸಂದೇಹಕ್ಕೆ ಎಡೆಯಿಲ್ಲ. ಒಮ್ಮೆ ಆರಿಸಿಕೊಂಡ ಪದವನ್ನು ಕೊನೆಯವರೆಗೂ ಬದಲಿಸದೆ ಇರುವುದು ಇನ್ನೊಂದು ನಿಯಮ. ಮೊದಲ ಸಾಲಿನಲ್ಲಿ ‘ಪುಡಿ’, ಎರಡನೆಯದರಲ್ಲಿ ‘ಮಿಶ್ರಣ’, ಮೂರನೆಯದರಲ್ಲಿ ‘ಲವಣ’ ಎಂದರೆ ಮೂರು ವಸ್ತುಗಳಿವೆಯೆಂದು ಓದುಗಳು ಭಾವಿಸುವಳು. ಪುನರುಕ್ತಿ ಕಾವ್ಯದಲ್ಲಿ ದೋಷವಾದರೆ ಇಲ್ಲಿ ಗುಣ.

ಹೆಸರಿಗೂ ವಸ್ತುವಿಗೂ ಇರುವ ಸಂಬಂಧ ಎಷ್ಟು ಗಂಭೀರವಾದುದೆಂಬುದಕ್ಕೆ ಇತ್ತೀಚಿನ ಒಂದು ಸಂಗತಿಯನ್ನು ಉಲ್ಲೇಖಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ, ಸಕ್ಕರೆಯಂಶ ಹೆಚ್ಚಾಗಿರುವ ಪಾನೀಯಗಳು ತಮ್ಮ ಹೆಸರಿನೊಂದಿಗೆ ಓ.ಆರ್.ಎಸ್. ಎಂಬ ಪದವನ್ನು ಸೇರಿಸಿಕೊಂಡು ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಆಹಾರ ಪದಾರ್ಥಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು ಆದೇಶಿಸಿತು. ಸಕ್ಕರೆ ಹೆಚ್ಚಾದ ಪಾನೀಯವು ಭೇದಿಯನ್ನು ಹೆಚ್ಚಿಸಬಲ್ಲದು. ಪಾರಿಭಾಷಿಕ ಪದವು ಒಂದು ನಿಶ್ಚಿತ ವಸ್ತುವನ್ನು ಕುರಿತ ವಾಗ್ದಾನ; ಅದು ಸಡಿಲಗೊಂಡರೆ ಓದುಗನ ನಂಬಿಕೆಯೊಡನೆ ದೇಹವೂ ಬೆಲೆ ತೆರಬೇಕಾಗುತ್ತದೆ.

5

ಮೇಲಿನ ಲಕ್ಷಣಗಳನ್ನು ಅಳವಡಿಸಿ ಬರೆದ ಒಂದು ಮಾದರಿ ಹೀಗಿರಬಹುದು:

ಈ ಪೊಟ್ಟಣ 1 ಲೀಟರ್ ನೀರಿಗೆ ಮಾತ್ರ.
1. ಸಾಬೂನಿನಿಂದ ಕೈ ತೊಳೆದುಕೊಳ್ಳಿರಿ.
2. ಶುದ್ಧವಾದ ಪಾತ್ರೆಗೆ ಕುಡಿಯುವ ನೀರನ್ನು 1 ಲೀಟರ್ ಅಳೆದು ಸುರಿಯಿರಿ. ಕುದಿಸಿದ ನೀರಾದರೆ ಮೊದಲು ತಣ್ಣಗಾಗಲು ಬಿಡಿರಿ.
3. ಪೊಟ್ಟಣದ ಪುಡಿಯನ್ನೆಲ್ಲ ನೀರಿಗೆ ಹಾಕಿರಿ. ಬೇರೆ ಉಪ್ಪು, ಸಕ್ಕರೆ, ಹಾಲು, ಹಣ್ಣಿನ ರಸ ಯಾವುದನ್ನೂ ಸೇರಿಸಬೇಡಿರಿ.
4. ಪುಡಿ ಪೂರ್ತಿ ಕರಗುವ ತನಕ ಕಲಕಿರಿ. ಈ ನೀರನ್ನು ಕುದಿಸಬೇಡಿರಿ.
5. ಮಗುವಿಗೆ ಭೇದಿಯಾದಾಗಲೆಲ್ಲ ಈ ನೀರನ್ನು ಗುಟುಕು ಗುಟುಕಾಗಿ ಕುಡಿಸಿರಿ. 2 ವರ್ಷದೊಳಗಿನ ಮಗುವಿಗೆ ಪ್ರತಿ ಸಲ 50ರಿಂದ 100 ಮಿಲಿಲೀಟರ್. 2ರಿಂದ 10 ವರ್ಷದ ಮಗುವಿಗೆ 100ರಿಂದ 200 ಮಿಲಿಲೀಟರ್.
6. ಮಗು ವಾಂತಿ ಮಾಡಿದರೆ 10 ನಿಮಿಷ ಕಾಯಿರಿ. ಆಮೇಲೆ ಇನ್ನೂ ನಿಧಾನವಾಗಿ ಕುಡಿಸಿರಿ.
7. ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲು ನಿಲ್ಲಿಸಬೇಡಿರಿ.
8. 24 ಗಂಟೆಗಳ ಮೇಲೆ ಉಳಿದ ನೀರನ್ನು ಚೆಲ್ಲಿರಿ.
9. ಮಗು ಕುಡಿಯಲಾರದಷ್ಟು ನಿತ್ರಾಣವಾಗಿದ್ದರೆ, ಕುಡಿದುದೆಲ್ಲ ವಾಂತಿಯಾಗುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.

ಈ ಮಾದರಿಯಲ್ಲಿ ಕಠಿಣವಾದ ಪದವೊಂದೂ ಇಲ್ಲ. ಆದರೂ ಶಾಸ್ತ್ರದ ಒಂದಂಶವನ್ನೂ ಬಿಟ್ಟುಕೊಟ್ಟಿಲ್ಲ. ಸರಳತೆಯೆಂದರೆ ವಿಷಯವನ್ನು ತೆಳುವಾಗಿಸುವುದೆಂಬ ತಪ್ಪುಗ್ರಹಿಕೆಯನ್ನು ವಿದ್ಯಾರ್ಥಿಗಳು ಬಿಡಬೇಕು. ಶಾಸ್ತ್ರವನ್ನು ಪೂರ್ತಿಯಾಗಿ ಅರಿತವನಿಗಲ್ಲದೆ ಯಾವುದನ್ನು ಹೇಳಲೇಬೇಕು, ಯಾವುದನ್ನು ಬಿಡಬಹುದು ಎಂಬ ವಿವೇಚನೆ ಬರುವುದಿಲ್ಲ.

6

ಇಂಥ ಗದ್ಯದ ಯೋಗ್ಯತೆಯನ್ನು ನಿರ್ಣಯಿಸುವವರು ಯಾರು? ಈ ಪ್ರಶ್ನೆಗೆ ಇದೇ ಚಿಕಿತ್ಸೆಯ ಇತಿಹಾಸದಲ್ಲಿ ಉತ್ತರವಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ದ್ರವ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಗಳ ಮಿಶ್ರಣವನ್ನು ನೀರಿನಲ್ಲಿ ಕರಗಿಸಿ ಬಾಯಿಯ ಮೂಲಕ ಕೊಡುವ ವ್ಯವಸ್ಥೆ ಮಾಡಿದರು. ಕುಡಿಸುವ ಕೆಲಸದಲ್ಲಿ ರೋಗಿಗಳ ಬಂಧುಗಳೇ ತೊಡಗಿದರು. ಸುಮಾರು ನೂರಕ್ಕೆ 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದ ರೋಗಿಗಳಲ್ಲಿ 3.6ಕ್ಕೆ ಇಳಿಯಿತು. ಸಾಮಾನ್ಯ ಜನರು ಹೇಳಿಕೊಟ್ಟುದನ್ನು ಸರಿಯಾಗಿ ಮಾಡಬಲ್ಲರೆಂಬುದು ಅಲ್ಲಿ ಸಿದ್ಧವಾಯಿತು.

ಅನಂತರ 1980ರಿಂದ 1990ರವರೆಗೆ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಕಾರ್ಯಕರ್ತೆಯರು 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ತಾಯಂದಿರಿಗೆ ಮನೆಮದ್ದನ್ನು ಕಲಿಸಿದರು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬುದು ಅದರ ಸೂತ್ರ. ಚಿಟಿಕೆ, ಹಿಡಿಗಳು ತಾಯಿಯ ಕೈಯಲ್ಲಿಯೇ ಇರುವ ಅಳತೆಗಳು; ಗೇಣು, ಮೊಳ, ಮಾರು, ಬೊಗಸೆಗಳನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಆ ಸಂಸ್ಥೆಯು ತಾಯಂದಿರು ತಯಾರಿಸಿದ ನೀರಿನ ಮಾದರಿಗಳನ್ನು ಪರೀಕ್ಷಿಸಿತು. ಕಲಿಸಿದ ಅಂಶಗಳಲ್ಲಿ ತಾಯಂದಿರು ಎಷ್ಟನ್ನು ನೆನಪಿಟ್ಟಿದ್ದಾರೆಂಬುದನ್ನು ಆಧರಿಸಿ ಕಾರ್ಯಕರ್ತೆಯರಿಗೆ ಸಂಭಾವನೆ ಕೊಟ್ಟಿತು. ಎಷ್ಟು ಚೆನ್ನಾಗಿ ಹೇಳಿದೆ ಎಂಬುದಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಕೇಳಿದವಳಲ್ಲಿ ಎಷ್ಟು ಉಳಿಯಿತು ಎಂಬುದಕ್ಕೆ ಬೆಲೆಯಿತ್ತು. ಸೂಚನಾ ಗದ್ಯದ ವಿಮರ್ಶೆಗೆ ಇದಕ್ಕಿಂತ ಉತ್ತಮವಾದ ಮಾನದಂಡ ದೊರೆಯಲಾರದು.

7

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ವಿಷಯ ಎರಡು ಕಾರಣಗಳಿಂದ ಹತ್ತಿರವಾದುದು. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಊರಿನ ಭಾಷೆಯನ್ನೂ ಇಂಗ್ಲಿಷನ್ನೂ ಓದಬಲ್ಲರು. ಕನ್ನಡವೊಂದನ್ನೇ ಓದಬಲ್ಲ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ದುಡಿಯುವವರು ಹೊರಗೆ ಹೋದ ಹಗಲಿನಲ್ಲಿ ಮೊಮ್ಮಗುವನ್ನು ನೋಡಿಕೊಳ್ಳುವವರು ಅವರೇ. ಮರಾಠಿ, ತೆಲುಗು, ತಮಿಳು, ಹಿಂದಿಗಳಲ್ಲಿರುವ ಸೂಚನೆಯನ್ನು ಅವರ ಕೈಗೆ ಕನ್ನಡದಲ್ಲಿ ಇತ್ತರೆ ಅದು ನೇರವಾಗಿ ಪ್ರಯೋಜನಕ್ಕೆ ಬರುವ ಅನುವಾದ.

ಎರಡನೆಯದಾಗಿ, ಇಂಥ ವಿಭಾಗದ ತರಗತಿಯಲ್ಲಿ ಕರಾವಳಿಯ, ಧಾರವಾಡದ, ಕಲಬುರಗಿಯ, ಮೈಸೂರಿನ ಮನೆಮಾತಿನ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತಿರುವ ಸಂದರ್ಭ ಅಪೂರ್ವವಲ್ಲ. ಒಬ್ಬನ ‘ಲೋಟ’ ಇನ್ನೊಬ್ಬನ ‘ಗ್ಲಾಸು’. ಒಬ್ಬಳ ಮನೆಯ ಚಮಚ ಇನ್ನೊಬ್ಬಳ ಮನೆಯದಕ್ಕಿಂತ ದೊಡ್ಡದು. ಯಾವ ಪದ ಎಲ್ಲರಿಗೂ ತಿಳಿಯುತ್ತದೆ, ಯಾವುದು ಒಂದು ಸೀಮೆಗೆ ಮಾತ್ರ ಸೀಮಿತವಾಗಿದೆ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಅಧ್ಯಾಪಕರು ಒಂದು ಕರಪತ್ರವನ್ನು ಅನುವಾದಿಸಲು ಕೊಟ್ಟು, ಒಬ್ಬ ವಿದ್ಯಾರ್ಥಿಯ ಅನುವಾದವನ್ನು ಮತ್ತೊಬ್ಬನು ಗಟ್ಟಿಯಾಗಿ ಓದುವಂತೆಯೂ ಮೂರನೆಯವನು ನೀರು, ಪಾತ್ರೆ, ಚಮಚಗಳನ್ನಿಟ್ಟುಕೊಂಡು ಓದಿದುದನ್ನಷ್ಟೇ ಮಾಡುವಂತೆಯೂ ಏರ್ಪಡಿಸಬಹುದು. ಎಲ್ಲಿ ಕೈ ತಡವರಿಸಿತೋ ಅಲ್ಲಿ ವಾಕ್ಯ ತಪ್ಪಿದೆಯೆಂದು ತಿಳಿಯಬೇಕು. ಅಂಥ ಒಂದು ಗಂಟೆಯ ಅಭ್ಯಾಸದಿಂದ ಕೃದಂತ, ವಿಧ್ಯರ್ಥ, ನಿಷೇಧಗಳ ಪಾಠವೂ ಆಗುತ್ತದೆ. ಭಾಷೆಯ ಹೊಣೆಗಾರಿಕೆಯ ಪಾಠವೂ ಆಗುತ್ತದೆ.

ಲೋಕಕ್ಕೆ ಉಪಕಾರವಾಗಲೆಂಬ ಉದ್ದೇಶವನ್ನು ಹೆಸರಿನಲ್ಲಿಯೇ ಹೊತ್ತ ಗ್ರಂಥವೊಂದು ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿ ಹುಟ್ಟಿತು. ಆ ಉದ್ದೇಶವನ್ನು ಇಂದು ಮುಂದುವರಿಸುವ ಬರವಣಿಗೆಗೆ ಪ್ರಶಸ್ತಿ ಬಾರದಿರಬಹುದು, ಬರೆದವನ ಹೆಸರೂ ಉಳಿಯದಿರಬಹುದು. ಓದಿದವಳ ಕೈ ತಪ್ಪದೆ ನಡೆದು ಮಗು ಚೇತರಿಸಿಕೊಂಡರೆ ಅದು ತನ್ನ ಕಾರ್ಯವನ್ನು ಪೂರೈಸಿದಂತೆ.